ಸದರಿ ಸ್ಥಳದಲ್ಲಿ ಸಮುದ್ರ ಕಂಡುಬರಲಿಲ್ಲ

ಒಂದು ಫೋಟೊ ತೆಗೆಯಲು ಖರ್ಚೆಷ್ಟು ಎಂದು ಕೇಳಿದರೆ, ಬಟನ್ ಒತ್ತಿದರೆ ಆಯಿತಲ್ಲ, ಅದಕ್ಕೆಂಥ ಖರ್ಚು ಎನ್ನುವವರೇ ಹೆಚ್ಚು. ಅಂಥವರು ಸುರಪುರದ ಈಶಪ್ಪನನ್ನು ಕೇಳಬೇಕು. ಮದುವೆ ಫೋಟೊದವನೊಬ್ಬ ಕಲಬುರಗಿಯಲ್ಲಿ ಮಾರಿದ ಹಳೆಯ ಕ್ಯಾಮೆರಾಕ್ಕೆ ಹದಿನೆಂಟು ಸಾವಿರ. ಅದನ್ನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡಿಗೆ ಒಂಬೈನೂರು. ಅದರಲ್ಲೊಂದು ಕಾಲು ಕೊಳ್ಳುವಾಗಲೇ ಕುಂಟುತ್ತಿತ್ತು. ಕೊಡೇಕಲ್ ದಾಟಿ ಹಿನ್ನೀರಿನ ದಂಡೆಗೆ ಹೋಗಿ ಬರಲು ಸಲಕ್ಕೆ ಇನ್ನೂರು ರೂಪಾಯಿ ಪೆಟ್ರೋಲು. ತೆಂಗಿನ ಗರಿ ಒಂದಕ್ಕೆ ನಲವತ್ತು. ಕವಡೆಗಳು ಮನೆಯಲ್ಲೇ ಇದ್ದದ್ದರಿಂದ ಪುಕ್ಕಟೆ ಎಂದು ಈಶಪ್ಪ ಅಂದುಕೊಂಡಿದ್ದ. ಎಲ್ಲಕ್ಕಿಂತ ದುಬಾರಿಯಾದದ್ದು ಅವೇ.

ಈಶಪ್ಪನ ಕೆಲಸ ಮನೆಮನೆಗೆ ಹೋಗಿ ಕರೆಂಟಿನ ಮೀಟರು ನೋಡಿ ಬಿಲ್ಲು ಹರಿದುಕೊಡುವುದು. ಬಿಲ್ಲು ತರುವವನನ್ನು ಪ್ರೀತಿಸುವ ಊರು ಇನ್ನೂ ಹುಟ್ಟಿಲ್ಲ. ಅವನು ಬಾಗಿಲಿಗೆ ಬಂದರೆ ನಾಯಿ ಬೊಗಳುವ ಮೊದಲೇ ಮನುಷ್ಯರು ಬೊಗಳುತ್ತಿದ್ದರು. ಹೀಗೆ ಬೈಸಿಕೊಳ್ಳುತ್ತಾ ಕೊಡೇಕಲ್ ಕಡೆಯ ಹಳ್ಳಿಗಳಿಗೆ ಹೋಗಿದ್ದಾಗ, ಒಂದು ಸಂಜೆ ದಿಬ್ಬ ಹತ್ತಿ ಇಳಿದವನ ಮುಂದೆ ಕೃಷ್ಣೆಯ ಹಿನ್ನೀರು ನಿಂತಿತ್ತು. ಆಚೆ ದಡ ಕಾಣುತ್ತಿರಲಿಲ್ಲ. ಗಾಳಿಗೆ ಎದ್ದ ಅಲೆ ಮರಳಿನ ಮೇಲೆ ಬಂದು ಹೊರಳಿ ಹಿಂದೆ ಸರಿಯುತ್ತಿತ್ತು. ಈಶಪ್ಪ ಜನ್ಮದಲ್ಲಿ ಸಮುದ್ರ ನೋಡಿದವನಲ್ಲ. ನೋಡುವ ಅಗತ್ಯ ಇನ್ನಿಲ್ಲ ಎಂದು ಅವನಿಗೆ ಅಲ್ಲೇ ಅನಿಸಿತು. ಅಂದಿನಿಂದ ಅದು ಅವನ ಬೀಚು. ಅಲ್ಲಿ ಎಮ್ಮೆ ಮೈ ತೊಳೆಯುವ ಮರಿಲಿಂಗನ ಮುಂದೆಯೂ ಅವನು ಅದನ್ನು ಬೀಚು ಎಂದೇ ಕರೆಯುತ್ತಿದ್ದ. ಮರಿಲಿಂಗ ಅವನಿಗೆ ಚಹಾ ಕೊಟ್ಟು ಎಮ್ಮೆಯ ಕಡೆ ತಿರುಗುತ್ತಿದ್ದ.

ಕ್ಯಾಮೆರಾ ಬಂದ ಮೇಲೆ ಈಶಪ್ಪ ಫೋನಿನಲ್ಲಿ ಪಾಠ ಕೇಳತೊಡಗಿದ. ಸಮುದ್ರದ ಫೋಟೊ ಹೇಗೆ ತೆಗೆಯಬೇಕು ಎಂದು ಟೋಪಿ ಹಾಕಿಕೊಂಡ ಒಬ್ಬ ಹೇಳಿಕೊಡುತ್ತಿದ್ದ. ಸೂರ್ಯ ನೀರು ಮುಟ್ಟುವ ಹೊತ್ತಿಗೆ ತೆಗೆಯಬೇಕಂತೆ, ಅದು ಸರಿ. ಫೋಟೊದ ಮುಂಭಾಗದಲ್ಲಿ ಕಣ್ಣು ನಿಲ್ಲುವಂಥದ್ದು ಏನಾದರೂ ಇರಬೇಕಂತೆ. ತೊಡಕು ಬಂದದ್ದು ಇಲ್ಲಿ. ಈಶಪ್ಪನ ಬೀಚಿನ ಮುಂಭಾಗದಲ್ಲಿ ಒಂದು ಕರಿ ಬಂಡೆಯಿತ್ತು, ಅದರ ಸುತ್ತ ಎಮ್ಮೆ ಸಗಣಿ ಇತ್ತು. ಸಗಣಿಯನ್ನು ಅವನು ಕಾಲಿನಿಂದ ಸರಿಸಿದ. ಬಂಡೆಯ ಪಕ್ಕ, ಮಾರ್ಕೆಟ್ಟಿನಲ್ಲಿ ಕೊಂಡು ಬೈಕಿನ ಮೇಲೆ ಹೊತ್ತು ತಂದ ತೆಂಗಿನ ಗರಿಯನ್ನು ಚೌಕಟ್ಟಿನೊಳಗೆ ತೂಗುವಂತೆ ನೆಟ್ಟ. ಬುಡದ ಮರಳಿನಲ್ಲಿ ಒಂದು ಹಿಡಿ ಕವಡೆ ಚೆಲ್ಲಿದ. ಕವಡೆಗಳು ಅವನ ಮನೆಯಲ್ಲೇ ಇದ್ದ ಅತ್ತೆ, ಹೆಂಡತಿಯ ತಾಯಿ ಅಯ್ಯಮ್ಮನವು. ಎಲ್ಲಮ್ಮನ ಹೆಸರಿನಲ್ಲಿ ಪೋಣಿಸಿ ದೇವರ ಜಗುಲಿಯ ಮೇಲಿಟ್ಟ ಸರದಿಂದ, ಅವಳು ಮಧ್ಯಾಹ್ನ ಮಲಗಿದ್ದಾಗ, ದಾರ ಬಿಚ್ಚಿ ತೆಗೆದುಕೊಂಡಿದ್ದ. ರಾತ್ರಿ ತಂದು ಮತ್ತೆ ಪೋಣಿಸಿ ಗಂಟು ಹಾಕಿದರಾಯಿತು, ಅವಳಿಗೇನು ಗೊತ್ತಾಗುತ್ತದೆ?

ಫೋಟೊ ಬಂತು. ಅಬ್ಬಾ! ಕುಂಕುಮದಂಥ ನೀರು, ಹೊಗೆಯಂತೆ ಕರಗಿದ ಅಲೆ, ತೂಗುವ ಗರಿ, ಒದ್ದೆ ಮರಳಲ್ಲಿ ಮಿನುಗುವ ಕವಡೆ. ಈಶಪ್ಪನಿಗೇ ಅದು ತನ್ನ ಕೈಯ ಕೆಲಸ ಎಂದು ನಂಬಲಾಗಲಿಲ್ಲ. ಮುಂದೆ ಯಾರೂ ನಂಬಲಿಲ್ಲ ಎನ್ನುವುದು ಬೇರೆ ಮಾತು.

ಆಗಲೇ ಯಾದಗಿರಿಯ ಒಂದು ಸಾಂಸ್ಕೃತಿಕ ಬಳಗದವರು 'ನಮ್ಮ ಜಿಲ್ಲೆ, ನಮ್ಮ ನೋಟ' ಎಂಬ ಛಾಯಾಚಿತ್ರ ಸ್ಪರ್ಧೆ ಇಟ್ಟಿದ್ದರು. ಫೋಟೊ ಜಿಲ್ಲೆಯೊಳಗೇ ತೆಗೆದದ್ದಾಗಿರಬೇಕು, ನಿಯಮ ಇಷ್ಟೇ. ಗೆದ್ದ ಫೋಟೊವನ್ನು ದೊಡ್ಡದಾಗಿ ಮಾಡಿಸಿ, ಕೆಳಗೆ ತೆಗೆದವನ ಹೆಸರು ಬರೆದು, ಬಳಗದ ಸಭಾಂಗಣದಲ್ಲಿ ತೂಗುಹಾಕುತ್ತಾರಂತೆ. ಶಾಲು, ಹಾರ ಈಶಪ್ಪನಿಗೆ ಬೇಡ. ಇಷ್ಟು ವರ್ಷ ಅವನು ಬರೆದ ಪ್ರತಿ ಕಾಗದದ ಮೇಲೆ ಬೇರೆಯವರ ಹೆಸರು, ಬೇರೆಯವರ ಯೂನಿಟ್ಟು. ಒಂದು ಚಂದದ ವಸ್ತುವಿನ ಕೆಳಗೆ 'ಛಾಯಾಚಿತ್ರ: ಈಶಪ್ಪ' ಎಂದು ಒಂದು ಸಲ ಬರಲಿ ಎನ್ನುವುದೊಂದೇ ಆಸೆ. ಫೋಟೊ ಕಳಿಸಿದ. ಕಳಿಸಿದ ಖುಷಿಗೆ ಅದನ್ನೇ ಫೋನಿನ ಸ್ಟೇಟಸ್ಸಿಗೂ ಹಾಕಿದ. ಅಲ್ಲಿಗೆ ಅವನ ನೆಮ್ಮದಿಯ ದಿನ ಮುಗಿದವು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಕಿರಾಣಿ ಅಂಗಡಿ ಶಾಂತಪ್ಪ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಬಂದ.

"ಏನ್ಲೇ ಈಶಪ್ಪ, ಗೋವಾಕ್ಕ ಹೋಗಿ ಬಂದೀಯಂತ? ಒಬ್ಬನ?"

"ಗೋವಾ ಅಲ್ರಿ ಶಾಂತಪ್ಪಣ್ಣ. ಕೊಡೇಕಲ್."

ಶಾಂತಪ್ಪ ಬ್ರಷ್ಷು ಹೊರಗೆ ತೆಗೆದು, ತುಪುಕ್ ಎಂದು ಉಗುಳಿ, ಬಾಯಿ ಖಾಲಿ ಮಾಡಿಕೊಂಡ. "ನಾ ಕೊಡೇಕಲ್ ನೋಡಿಲ್ಲೇನು? ನಮ್ಮ ಸಣ್ಣಕ್ಕನ್ನ ಕೊಟ್ಟಿದ್ದು ಕೊಡೇಕಲ್ಲಿಗಿ. ಅಲ್ಲಿ ಗುಡಿ ಐತಿ, ಬಸ್‌ಸ್ಟ್ಯಾಂಡ್ ಐತಿ, ಭಜಿ ಅಂಗಡಿ ಐತಿ. ಸಮುದ್ರ ಯಾವಾಗ ಬಂತು?"

"ಹಿನ್ನೀರಿನ ದಂಡಿ ರೀ ಅದು."

"ಹಿನ್ನೀರಿನ ದಂಡ್ಯಾಗ ತೆಂಗಿನ ಗಿಡ?"

"ಗಿಡ ಅಲ್ರಿ, ಗರಿ. ನಾನ ಒಯ್ದಿದ್ದೆ."

"ಗೋವಾಕ್ಕ?"

"ಕೊಡೇಕಲ್ಲಿಗಿ!"

"ಹಾಂ. ತೆಂಗಿನ ಗರಿ ಹೊತ್ಕೊಂಡು, ಬೈಕ್ ಮ್ಯಾಲ, ಕೊಡೇಕಲ್ಲಿಗಿ." ಶಾಂತಪ್ಪ ಒಂದೊಂದು ಮಾತನ್ನೂ ತಕ್ಕಡಿಯಲ್ಲಿಟ್ಟು ತೂಗಿದ. "ಹೋದ ತಿಂಗಳ ನಮ್ಮ ಮನ್ಯಾಗ ಫ್ರಿಜ್ ಕೆಟ್ಟು ಕುಂತಿತ್ತು. ಆದ್ರೂ ಮುನ್ನೂರ ಯೂನಿಟ್ ಬರದಿ. ಇಲ್ಲದ ಯೂನಿಟ್ ಬರದಾವ ಇಲ್ಲದ ಸಮುದ್ರ ಬರಿಯಂಗಿಲ್ಲೇನು?"

ಈಶಪ್ಪನಿಗೆ ರೋಷ ಬಂತು. ಮೀಟರು ಅವನದಲ್ಲ, ಯೂನಿಟ್ಟು ಅವನದಲ್ಲ; ಅವನದು ಅಂತ ಇದ್ದದ್ದು ಆ ಫೋಟೊ ಒಂದೇ. ಅದನ್ನೂ ಗೋವಾದವರಿಗೆ ಕೊಟ್ಟುಬಿಟ್ಟರಲ್ಲ!

ಸಂಜೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಓಣಿಗೆ ಓಣಿಯೇ ಸಿದ್ಧವಾಗಿತ್ತು. ಎದುರುಮನೆಯ ಮಸ್ತಾನಬಿ ಕಟ್ಟೆಯ ಮೇಲಿಂದಲೇ ಕೂಗಿದಳು: "ಈಶಪ್ಪ ಭಾಯಿ, ಗೋವಾದಾಗ ಕಾಜು ಅಗ್ದಿ ಸಸ್ತಾ ಅಂತಲ್ಲ, ಒಂದ್ ಪಾವ್‌ಕಿಲೋನಾದ್ರೂ ತರಬಾರದೇನು?" ಮನೆಯೊಳಗೆ ಹೆಂಡತಿ ಪರಿಮಳಾ ಅವನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ತಿರುವಿ ನೋಡುತ್ತಿದ್ದಳು.

"ಮರಳ ಐತಿ," ಎಂದಳು.

"ಹಿನ್ನೀರಿನ ಮರಳ ಅದು."

"ಮದುವಿ ಆದಾಗ ಒಂದ ಮಾತ ಕೇಳಿದ್ದೆ, ಎಲ್ಲಿಗ್ಯಾರ ಕರಕೊಂಡು ಹೋಗ್ರಿ ಅಂತ. ಬೋನಾಳ ಕೆರಿಗಿ ಒಯ್ದು ಹಕ್ಕಿ ತೋರ್ಸಿ ಕರಕೊಂಡು ಬಂದ್ರಿ. ತಾವು ಮಾತ್ರ ಗೋವಾ!"

"ಪರಿಮಳಾ, ನಾ ಅವತ್ತು ರಾತ್ರಿ ಊಟಕ್ಕ ಮನಿಗಿ ಬಂದಿದ್ದೆ. ಹೊತ್ತು ಮುಳುಗಾಗ ಗೋವಾದಾಗ ಇದ್ದಾವ ರಾತ್ರಿ ಊಟಕ್ಕ ಸುರಪುರಕ್ಕ ಹ್ಯಾಂಗ ಬರ್ತಾನ?"

ಪರಿಮಳಾ ಒಂದು ಕ್ಷಣ ಯೋಚಿಸಿದಳು. ಆಕೆ ತರ್ಕ ಬಲ್ಲ ಹೆಂಗಸು. ಈ ಮಾತಿಗೆ ಬಗ್ಗಿದಳು. ಈಶಪ್ಪ ಉಸಿರುಬಿಟ್ಟ. ಆಗ ಮೂಲೆಯಲ್ಲಿ ಕುಳಿತಿದ್ದ ಅಯ್ಯಮ್ಮ ಬಾಯಿ ತೆರೆದಳು.

"ಏ ಪರಿಮಳಾ, ಆ ಫೋಟೊದಾಗ ಮುಂದಿಂದು ಜರಾ ದೊಡ್ಡದು ಮಾಡು."

ಪರಿಮಳಾ ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿದಳು. ಅಯ್ಯಮ್ಮ ಫೋನನ್ನು ಮೂಗಿನ ಹತ್ತಿರ ಹಿಡಿದುಕೊಂಡಳು. ಆಮೇಲೆ ಎದ್ದು ಜಗುಲಿಯ ಹತ್ತಿರ ಹೋದಳು. ಸರ ಕೈಗೆ ತೆಗೆದುಕೊಂಡಳು. ಬೇರೆ ಯಾರೋ ಹಾಕಿದ ಗಂಟು ನೋಡಿದಳು.

"ನನ್ನ ಹಲ್ಲು ಮುರದ ಕವಡಿ ಎಲ್ಲಿ?"

ಆ ಕವಡೆಯ ಬಾಯಿಯ ಅಂಚು ಒಂದು ಕಡೆ ಒಡೆದಿತ್ತು. ಅಯ್ಯಮ್ಮನ ತಾಯಿ ಅದನ್ನು ತನ್ನ ಸರದಿಂದ ಬಿಡಿಸಿ ಮಗಳಿಗೆ ಕೊಟ್ಟಿದ್ದಳು. ಫೋಟೊದಲ್ಲಿ ಅದು ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ಚಂದವಾಗಿ ಹೊಳೆಯುತ್ತಿತ್ತು. ಸರದಲ್ಲಿ ಇರಲಿಲ್ಲ. ಕತ್ತಲಾಗುತ್ತಿದ್ದ ಹೊತ್ತಿನಲ್ಲಿ ಗಡಿಬಿಡಿಯಿಂದ ಆರಿಸಿಕೊಂಡಿದ್ದ ಈಶಪ್ಪ ಅದನ್ನು ಅಲ್ಲೇ ಬಿಟ್ಟು ಬಂದಿದ್ದ.

"ಎಲ್ಲಮ್ಮನ ಕವಡಿ ಗೋವಾದಾಗ ಚೆಲ್ಲಿ ಬಂದಾರ ನಿನ್ನ ಗಂಡ!"

"ಅತ್ತೀ, ಗೋವಾ ಅಲ್ಲ, ಕೊಡೇಕಲ್—"

"ಕೊಡೇಕಲ್ಲಿಗರ ಒಯ್ರಿ, ಕಾಶಿಗರ ಒಯ್ರಿ. ಯಾರನ್ನ ಕೇಳಿ ಒಯ್ದ್ರಿ?"

ಇಡೀ ಊರಿನಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಆಕೆ ಒಬ್ಬಳೇ. ಆ ಕವಡೆ ಮನೆಗೆ ಬರುವ ತನಕ ಅಳಿಯನ ಸಂಗಡ ಮಾತಿಲ್ಲ ಎಂದು ಅಯ್ಯಮ್ಮ ಜಗುಲಿಯ ಮುಂದೆ ಹೇಳಿಬಿಟ್ಟಳು. ಅಂದಿನಿಂದ ಅವಳು ಏನು ಹೇಳುವುದಿದ್ದರೂ ಪಡಸಾಲೆಯ ಕಂಬಕ್ಕೆ ಹೇಳತೊಡಗಿದಳು. "ಕಂಬಪ್ಪ, ಊಟಕ್ಕ ಬಡಸೈತಿ ಅಂತ ಹೇಳು." ಈಶಪ್ಪನೂ ಕಂಬದ ಕಡೆ ತಿರುಗಿ, "ಬಂದೆ ಅಂತ ಹೇಳ್ರಿ," ಎನ್ನುತ್ತಿದ್ದ. ಅವನು ದಂಡೆಗೆ ಒಮ್ಮೆ ಹೋಗಿ ಹುಡುಕಿ ಬಂದ. ನೀರು ಬಂಡೆಯ ತನಕ ಏರಿ ನಿಂತಿತ್ತು, ಕವಡೆ ಸಿಗಲಿಲ್ಲ. ಅಷ್ಟರಲ್ಲಿ ಅವನ ಕೆಲಸದ ಹಳ್ಳಿಗಳನ್ನು ಬೇರೆ ದಿಕ್ಕಿಗೆ ಬದಲಿಸಿದರು. ಇರಲಿ, ಬಹುಮಾನ ಬಂದರೆ ಎಲ್ಲರ ಬಾಯಿಯೂ ಮುಚ್ಚುತ್ತದೆ ಎಂದು ಅವನು ಕಾದ.

ಬಹುಮಾನದ ಬದಲು ಕರೆ ಬಂತು. ವಿಚಾರಣೆಗೆ ಬರಬೇಕಂತೆ.

ಬಳಗದ ಅಧ್ಯಕ್ಷ ಸಂಗಣ್ಣನವರು ನಿವೃತ್ತ ಗಿರ್ದಾವರರು. ಜಿಲ್ಲೆಯ ಹೊಲ, ಬದು, ಹಳ್ಳ ಎಲ್ಲವನ್ನೂ ಸರಪಳಿ ಹಿಡಿದು ಅಳೆದ ಕಂದಾಯದ ಮನುಷ್ಯ. ನಿವೃತ್ತರಾದ ಮೇಲೆ ಅಳೆಯಲು ಏನೂ ಸಿಗದೆ ಸಂಸ್ಕೃತಿಗೆ ಬಂದಿದ್ದರು. ಅವರ ಪಕ್ಕದಲ್ಲಿ ಬಳಗದ ಕಾರ್ಯದರ್ಶಿ ಮೌನಪ್ಪ ಪೆನ್ನು ಹಿಡಿದು ಕುಳಿತಿದ್ದ.

"ಕೂಡ್ರಿ," ಎಂದರು ಸಂಗಣ್ಣ. "ನಿಮ್ಮ ಫೋಟೊ ಭಾಳ ಚಲೋ ಅದ."

ಈಶಪ್ಪನ ಎದೆ ಉಬ್ಬಿತು.

"ಅದಕ್ಕ ಕರ್ಸೀವಿ. ಇಷ್ಟು ಚಲೋದು ನಮ್ಮ ಜಿಲ್ಲಾದಾಗ ಇರಾಕ ಶಕ್ಯ ಇಲ್ಲ."

ಉಬ್ಬಿದ ಎದೆ ಹಾಗೇ ನಿಂತಿತು. "ಅಂದ್ರ?"

"ನಾ ಎಲ್ಲಾ ತಾಲೂಕ ತಿರುಗೀನಿ. ಯಾವ ಸರ್ವೇ ನಂಬರಿನ್ಯಾಗೂ ಸಮುದ್ರ ಬಂದಿಲ್ಲ."

"ಸಮುದ್ರ ಅಂತ ನಾ ಎಲ್ಲಿ ಅಂದೀನ್ರಿ?"

"ನೋಡಿದ್ರ ಸಮುದ್ರ ಕಾಣ್ತದ."

"ಸಮುದ್ರದಂಗ ಕಾಣ್ಲಿ ಅಂತನ ತಗದೀನ್ರಿ!"

"ಬರಕೋ ಮೌನಪ್ಪ," ಎಂದರು ಸಂಗಣ್ಣ. "ಸಮುದ್ರದಂತೆ ಕಾಣಲಿ ಎಂಬ ಉದ್ದೇಶ ಇದ್ದದ್ದನ್ನು ಒಪ್ಪಿಕೊಂಡಿರುತ್ತಾರೆ." ಮೌನಪ್ಪ ಬರೆದುಕೊಂಡ. ಸಂಗಣ್ಣ ಫೋಟೊದ ಮೇಲೆ ಬೆರಳಿಟ್ಟರು. "ಇದೇನು?"

"ಕವಡಿ ರೀ."

"ಕವಡಿ ಎಲ್ಲಿ ಹುಟ್ತದ?"

"ಸಮುದ್ರದಾಗ. ಆದ್ರ ಇವು ನಮ್ಮ ಅತ್ತೀವು!"

"ನಿಮ್ಮ ಅತ್ತಿ ಸಮುದ್ರದಾಗ ಇರ್ತಾರೇನು?"

ಮೌನಪ್ಪ ಇದನ್ನೂ ಬರೆಯಬೇಕೋ ಬೇಡವೋ ಎಂದು ಪೆನ್ನು ಎತ್ತಿ ಹಿಡಿದ. ಈಶಪ್ಪನಿಗೆ ತಡೆಯಲಾಗಲಿಲ್ಲ. ಮೇಜಿನ ಮೇಲೆ ಕೈ ಬಡಿದು ಎದ್ದುನಿಂತ. "ಇಲ್ಲಿ ಕುಂತು ಏನ್ ಬರಕೋತೀರಿ? ಬರ್ರಿ, ಜಾಗಾ ನೋಡ್ರಿ! ಪಂಚರನ್ನ ಕರ್ಕೊಂಡು ಬರ್ರಿ! ಸ್ಥಳ ಪಂಚನಾಮೆ ಮಾಡ್ರಿ!"

ಪಂಚನಾಮೆ! ನಿವೃತ್ತರಾದ ಮೇಲೆ ಈ ಮಾತನ್ನು ಸಂಗಣ್ಣನವರ ಮುಂದೆ ಯಾರೂ ಆಡಿರಲಿಲ್ಲ. ಎಲೆಯ ಮೇಲೆ ಬಿಸಿ ಹೋಳಿಗೆ ಬಿದ್ದವರಂತೆ ಅವರ ಮುಖ ಅರಳಿತು. "ಜೀಪಿನ ಬಾಡಗಿ ನಿಮ್ಮದು," ಎಂದರು.

ಆದರೆ ಕ್ರಮವಾಗಿ ಮಾಡುವ ಪಂಚನಾಮೆ ಎಂದರೆ ತಡ. ಮೊದಲು ತಿಳಿವಳಿಕೆ ಪತ್ರ ಕೊಡಬೇಕು. ಕೊಟ್ಟ ಮೇಲೆ ಸಂಗಣ್ಣನವರ ಬೀಗರ ಮನೆಯ ಮದುವೆ ಬಂತು. ಮದುವೆಯಾದ ಮೇಲೆ ಅವರಿಗೆ ಸೊಂಟ ಹಿಡಿಯಿತು. ದೀಪಾವಳಿ ಕಳೆದ ಮೇಲೆ ತೆಗೆದ ಫೋಟೊದ ಜಾಗಕ್ಕೆ ಕ್ರೂಸರ್ ಜೀಪು ಹೊರಟಾಗ ಹೋಳಿ ಹುಣ್ಣಿಮೆ ಮುಗಿದಿತ್ತು.

ಗಾಡಿಯಲ್ಲಿ ಸಂಗಣ್ಣ, ಮೌನಪ್ಪ. ಕಣ್ಣಾರೆ ನೋಡಿಯೇ ಬಿಡುತ್ತೇನೆಂದು ಪಂಚನಾಗಿ, ಅಂದರೆ ಸಾಕ್ಷಿಯಾಗಿ ಬಂದ ಶಾಂತಪ್ಪ. ಗಂಡನ ಮಾತು ಖರೆಯೋ ಸುಳ್ಳೋ ತಿಳಿಯಬೇಕೆಂದು ಪರಿಮಳಾ. ಡ್ರೈವರ್ ಚಾಂದಪಾಶಾನ ಪಕ್ಕದ ಮುಂದಿನ ಸೀಟಿನಲ್ಲಿ ಅಯ್ಯಮ್ಮ. ಅವಳಿಗೆ ಸಮುದ್ರದ ಗೊಡವೆ ಇಲ್ಲ, ಕವಡೆ ಬೇಕು. ಗಾಡಿಯಲ್ಲಿ ಕಂಬ ಇಲ್ಲದ್ದರಿಂದ ಆ ಕೆಲಸ ಚಾಂದಪಾಶಾನಿಗೆ ಬಂತು. "ಡ್ರೈವರಣ್ಣ, ಧೂಳಿ ಬರಾಕತ್ತೈತಿ, ನಮ್ಮ ಅಳಿಯಾರಿಗಿ ಕಿಟಕಿ ಮುಚ್ಚು ಅಂತ ಹೇಳು." ಚಾಂದಪಾಶಾ ಕನ್ನಡಿಯಲ್ಲಿ ನೋಡಿ, "ಕಿಟಕಿ ಮುಚ್ಚಬೇಕಂತ್ರಿ," ಎನ್ನುತ್ತಿದ್ದ.

ಕೊಡೇಕಲ್ ದಾಟಿ ಮಣ್ಣಿನ ದಾರಿಗೆ ತಿರುಗಿದಾಗ ಈಶಪ್ಪ ಸೀಟಿನ ತುದಿಗೆ ಬಂದ. "ಈಗ ಒಂದು ದಿಬ್ಬ ಬರ್ತೈತ್ರಿ. ದಿಬ್ಬ ಇಳದ್ರ ಸಾಕು, ನೀರ ನೀರು. ಸಂಗಣ್ಣ ಸಾಹೇಬ್ರ, ಚಪ್ಪಲಿ ಗಾಡ್ಯಾಗ ಬಿಟ್ರ ಚಲೋ. ಅಲಿ ಬಂದು ಕಾಲು ತೋಯ್ತಾವ."

ದಿಬ್ಬ ಬಂತು. ಗಾಡಿ ದಿಬ್ಬ ಇಳಿಯಿತು. ಚಾಂದಪಾಶಾ ಗಾಡಿ ನಿಲ್ಲಿಸಿ, ಮುಂದೆ ನೋಡಿ, ಹಿಂದೆ ನೋಡಿ ಕೇಳಿದ: "ಎಲ್ಲೈತ್ರಿ?"

ಕಾಲುವೆಗಳಿಗೆ ನೀರು ಬಿಟ್ಟು ಬಿಟ್ಟು ಹಿನ್ನೀರು ಕಣ್ಣಳತೆಯಾಚೆ ಸರಿದಿತ್ತು. ದೂರದಲ್ಲಿ ಬೆಳಗಿದ ತಾಟಿನ ಅಂಚಿನಂತೆ ಒಂದು ಗೆರೆ ಮಿನುಗುತ್ತಿತ್ತು, ಅಷ್ಟೇ. ಈಶಪ್ಪನ ಬೀಚಿನಲ್ಲಿ ಅಲಸಂದಿ ಬಳ್ಳಿ ಮೊಣಕಾಲೆತ್ತರ ಬೆಳೆದಿತ್ತು. ನಡುವೆ ಆಡು ಮೇಯುತ್ತಿದ್ದವು. ಬಂಡೆಯ ಮೇಲೆ ಯಾರದೋ ಕೆಂಪು ಸೀರೆ ಒಣಗುತ್ತಿತ್ತು.

ಸಂಗಣ್ಣ ಚಪ್ಪಲಿ ಹಾಕಿಕೊಂಡೇ ಇಳಿದರು. ಇಳಿದು ಅಭ್ಯಾಸಬಲದಿಂದ ಅಳತೆಯ ಟೇಪು ಬಿಚ್ಚಿದರು. ಅನರ್ಥವಾದದ್ದು ಅಲ್ಲಿ. ಟೇಪು ನೋಡಿದ ಕೂಡಲೇ ಗುಡಿಸಲಿನಿಂದ ಮರಿಲಿಂಗ ಓಡುತ್ತಾ ಬಂದ. ಡ್ಯಾಮಿನ ಹೊಟ್ಟೆಯ ನೆಲ ಸರ್ಕಾರದ್ದು. ನೀರು ಸರಿದ ಮೇಲೆ ಅಲ್ಲಿ ಸುತ್ತಿನವರು ಒಂದು ಬೆಳೆ ತೆಗೆದುಕೊಳ್ಳುತ್ತಾರೆ. ಯಾರೂ ಹೂಂ ಅಂದಿಲ್ಲ, ಯಾರೂ ಊಹೂಂ ಅಂದಿಲ್ಲ. ಅಂಥ ಕಡೆ ಟೇಪು ಹಿಡಿದು ಬಂದವನು ಒಂದೋ ಎಬ್ಬಿಸಲು ಬಂದಿರುತ್ತಾನೆ, ಇಲ್ಲವೇ ಪರಿಹಾರ ಬರೆದುಕೊಳ್ಳಲು.

"ಇಲ್ಲಿ ನೀರು ಬರ್ತದೇನಪ?" ಎಂದು ಕೇಳಿದರು ಸಂಗಣ್ಣ.

ಎಬ್ಬಿಸಲು ಬಂದಿದ್ದಾರೆ ಎಂದುಕೊಂಡ ಮರಿಲಿಂಗ. "ನೀರಾ? ಎಲ್ಲೀ ನೀರ್ರಿ ಯಪ್ಪಾ! ನಮ್ಮ ಮುತ್ಯಾನ ಕಾಲದಿಂದ ಒಣ ಹೊಲ ಇದು. ಮಳಿ ಬಂದ್ರೂ ಇಲ್ಲಿ ನಿಂದ್ರಂಗಿಲ್ಲ, ನಾಚ್ಕೊಂಡು ಹೋಗ್ತೈತಿ."

"ಏ ಮರಿಲಿಂಗ!" ಈಶಪ್ಪ ಚೀರಿದ. "ದೀಪಾವಳಿ ಆದಮ್ಯಾಲ ಇಲ್ಲೇ ನೀ ಎಮ್ಮಿ ಮೈ ತೊಳ್ಯಾಕತ್ತಿದ್ದಿಲ್ಲೇನು? ನಂಗ ಚಹಾ ಕೊಟ್ಟಿಲ್ಲೇನು?"

"ಯಾವ ಎಮ್ಮೀರಿ? ನಂದು ಎಮ್ಮಿನ ಇಲ್ಲ. ಇವ್ರು ಯಾರಂತನೂ ನಂಗ ಗೊತ್ತಿಲ್ರಿ."

ಶಾಂತಪ್ಪನಿಗೆ ಕರುಣೆ ಬಂತು. ಬರಬಾರದ ಹೊತ್ತಿನಲ್ಲಿ ಬಂತು. ಮರಿಲಿಂಗನ ಭುಜದ ಮೇಲೆ ಕೈಯಿಟ್ಟು, "ಹೆದರಬ್ಯಾಡ ತಮ್ಮ, ಮುಳುಗಡಿ ಆಗಿದ್ರ ಆಗೈತಿ ಅನ್ನು. ಸಾಹೇಬ್ರು ಬರಕೋಳಾಕ ಬಂದಾರ," ಎಂದ.

"ಮುಳುಗಡಿ?" ಮರಿಲಿಂಗನ ಕಣ್ಣು ಟೇಪಿನಿಂದ ಮೌನಪ್ಪನ ಕಾಗದಕ್ಕೆ ಹೋಯಿತು. "ಪರಿಹಾರ ಬರ್ತೈತೇನ್ರಿ?" ಉತ್ತರಕ್ಕೆ ಕಾಯಲಿಲ್ಲ. "ನೀರಂದ್ರ ಎಂಥಾ ನೀರ್ರಿ! ಇಲ್ಲಿತನಾ! ಆ ದಿಬ್ಬದತನಾ! ಅಲಿ ನೋಡಿದ್ರ ಎದಿ ಝಲ್ ಅಂತಿತ್ತು. ಸಮುದ್ರ ರೀ, ಸಮುದ್ರ! ಹಡಗು ಬರೂದೊಂದ ಬಾಕಿ ಇತ್ತು. ನಂದು ನಾಕ ಎಕರೆ ಬೆಳಿ ಹೋತು, ಗುಡಿಸಲ ಹೋತು, ಎಮ್ಮಿ ಹೋತು—"

"ಈಗ ಎಮ್ಮಿ ಇಲ್ಲಂದಿ!" ಎಂದರು ಸಂಗಣ್ಣ.

"ಮುಳಿಗಿ ಹೋತಲ್ರಿ. ಅದಕ ಇಲ್ಲಂದೆ."

ಅದೇ ಹೊತ್ತಿಗೆ ಗುಡಿಸಲ ಹಿಂದಿನಿಂದ ಎಮ್ಮೆ ಒದರಿತು.

ಸಂಗಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಸರ್ವೀಸಿನ್ಯಾಗ ಹಿಂಗ ಮುಳುಗಿದ ಎಮ್ಮಿ ಎಷ್ಟು ಅಂತ ನಂಗ ಗ್ಯಾನ ಅದ. ಈ ಸಾಕ್ಷಿದಾರನ ಮಾತು ಬರಕೋಬ್ಯಾಡ ಮೌನಪ್ಪ."

ಈಶಪ್ಪ ಬಂಡೆಯ ಹತ್ತಿರ ಓಡಿ ಒಣಗುತ್ತಿದ್ದ ಸೀರೆ ಸರಿಸಿದ. "ಈ ಬಂಡಿ ನೋಡ್ರಿ, ಫೋಟೊದಾಗಿನ ಬಂಡಿ! ಬರಾಬರ್ ಇದ!"

"ಫೋಟೊದಾಗಿಂದು ಕರ್ರಗ ಹೊಳಿಯಾಕತ್ತದ. ಇದು ಬೂದಿ ಬಣ್ಣ."

"ನೀರ ಬಿದ್ರ ಕರ್ರಗ ಆಗ್ತೈತ್ರಿ!"

"ನೀರು ಎಲ್ಲದ?"

ಈಶಪ್ಪ ನೀರು ತರಲು ಮರಿಲಿಂಗನ ಕೊಡದ ಕಡೆ ಓಡಿದ. ಆಗ ಹಿಂದಿನಿಂದ ಒಂದು ಕೂಗು ಕೇಳಿತು.

"ಅಳಿಯಾರ! ಸಿಕ್ತು ನೋಡ್ರಿ!"

ಯಾರು ಏನು ಬರೆದುಕೊಂಡರು ಎನ್ನುವುದನ್ನು ಲೆಕ್ಕಿಸದೆ ಅಯ್ಯಮ್ಮ ಬಂಡೆಯ ಬುಡದಲ್ಲಿ ಕುಳಿತು, ಬಳ್ಳಿ ಸರಿಸಿ, ಮಗಳ ಸಂಗಡ ಮರಳು ಕೆದರುತ್ತಿದ್ದಳು. ಈಗ ಅವಳ ಅಂಗೈಯಲ್ಲಿ ಮಣ್ಣು ಮೆತ್ತಿದ ಒಂದು ಕವಡೆ ಇತ್ತು. ಸೆರಗಿನಿಂದ ಒರೆಸಿ ಎತ್ತಿ ಹಿಡಿದಳು. ಬಾಯಿಯ ಅಂಚು ಒಂದು ಕಡೆ ಒಡೆದಿತ್ತು. ಕಂಬ, ಡ್ರೈವರು ಯಾರ ನೆನಪೂ ಅವಳಿಗೆ ಆಗಿರಲಿಲ್ಲ. ನೇರ ಅಳಿಯನನ್ನೇ ಕರೆದಿದ್ದಳು.

ಪರಿಮಳಾ ಗಂಡನ ಮುಖ ನೋಡಿ ನಕ್ಕಳು. ಈಶಪ್ಪ ಒಂದು ಕೈಯಲ್ಲಿ ಫೋಟೊ, ಒಂದು ಕೈಯಲ್ಲಿ ಕವಡೆ ಹಿಡಿದು ಸಂಗಣ್ಣನವರ ಮೂಗಿನ ಮುಂದೆ ನಿಂತ. "ಈಗೇನಂತೀರಿ? ಇದು ಅದ ಹೌದೋ ಅಲ್ಲೋ?"

ಸಂಗಣ್ಣ ಅದನ್ನು ನೋಡಿದರು, ಇದನ್ನು ನೋಡಿದರು, ಮತ್ತೆ ಅದನ್ನು ನೋಡಿದರು.

"ಹೌದು. ಕವಡಿ ಎರಡೂ ಒಂದ. ಒಪ್ಪಿದೆ."

"ಹಾಂ!" ಎಂದ ಈಶಪ್ಪ.

"ಅಂದ್ರ ಅಲಸಂದಿ ಹೊಲದಾಗ ಸಮುದ್ರದ ವಸ್ತು ಸಿಕ್ಕದ. ಅದು ತಾನ ನಡಕೊಂಡು ಬಂದಿಲ್ಲ. ಯಾರೋ ತಂದು ಹಾಕ್ಯಾರ."

"ನಾನ ಹಾಕೀನ್ರಿ! ಅದನ್ನ ಅಲ್ಲೇನ್ರಿ ನಾ ಮೊದಲಿಂದ ಹೇಳಾಕತ್ತಿದ್ದು!"

"ಬರಕೋ ಮೌನಪ್ಪ. ಸಾಕ್ಷ್ಯವನ್ನು ತಾನೇ ತಂದು ಹಾಕಿರುವುದಾಗಿ ಪಂಚರ ಸಮಕ್ಷಮ ಒಪ್ಪಿಕೊಂಡಿರುತ್ತಾರೆ."

ಈಶಪ್ಪ ಕವಡೆಯನ್ನು ಅತ್ತೆಯ ಕೈಗೆ ಹಾಕಿದ. ಮುಂದೆ ಬಂದವಳು ಅಯ್ಯಮ್ಮ. "ಅಲ್ರೀ ಸಾಹೇಬ್ರ, ನೀರು ಇದ್ದಾಗ ಬರಲಿಲ್ಲ. ಹೋದಮ್ಯಾಲ ಬಂದು ಇಲ್ಲ ಅಂತೀರಿ. ನಾಳಿ ನಾವು ಸಂತಿಗಿ ಹೋದಾಗ ಮನಿಗಿ ಬಂದು, ಈ ಮನ್ಯಾಗ ಯಾರೂ ಹುಟ್ಟೇ ಇಲ್ಲ ಅಂತ ಬರೀತೀರೇನು?"

ಮೌನಪ್ಪ ಸಂಗಣ್ಣನವರ ಮುಖ ನೋಡಿದ.

"ಇದನ್ನ ಬರಕೋಬ್ಯಾಡ," ಎಂದರು ಸಂಗಣ್ಣ.

ಬರೆದುಕೊಂಡದ್ದನ್ನು ಬಂಡೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿದರು: "ಅರ್ಜಿದಾರರು ತೋರಿಸಿದ ಸ್ಥಳವನ್ನು ಪಂಚರ ಸಮಕ್ಷಮ ಪರಿಶೀಲಿಸಲಾಗಿ, ಸದರಿ ಸ್ಥಳದಲ್ಲಿ ಅಲಸಂದಿ ಬೆಳೆ, ಒಂದು ಬಂಡೆ, ಒಂದು ಸೀರೆ ಮತ್ತು ಆಡುಗಳು ಕಂಡುಬಂದವು. ಸದರಿ ಸ್ಥಳದಲ್ಲಿ ಸಮುದ್ರ ಕಂಡುಬರಲಿಲ್ಲ." ಶಾಂತಪ್ಪ ದಸ್ಕತ್ತು ಹಾಕಿದ. ಮರಿಲಿಂಗ, ಯಾವುದಕ್ಕೂ ಇರಲಿ ಎಂದು ಎರಡು ಕಡೆ ಹೆಬ್ಬೆಟ್ಟು ಒತ್ತಿದ.

ಮೊದಲ ಬಹುಮಾನ ಶಹಾಪುರದ ಮಲಗಿದ ಬುದ್ಧನ ಗುಡ್ಡದ ಫೋಟೊಗೆ ಹೋಯಿತು. ಆ ಗುಡ್ಡದ ಅನುಕೂಲವೆಂದರೆ, ಯಾವ ತಿಂಗಳು ಹೋಗಿ ಪಂಚನಾಮೆ ಮಾಡಿದರೂ ಅದು ಅಲ್ಲೇ ಮಲಗಿರುತ್ತದೆ.

ಮಳೆಗಾಲ ಕಳೆಯಿತು. ಒಂದು ದಿನ ಸುರಪುರದ ಬಸ್‌ಸ್ಟ್ಯಾಂಡಿನ ಎದುರು ಮನುಷ್ಯನಿಗಿಂತ ಎತ್ತರದ ಫ್ಲೆಕ್ಸು ಎದ್ದಿತು: 'ಬನ್ನಿ, ಗೋವಾಕ್ಕೆ ಹೋಗೋಣ! ಊಟ, ವಸತಿ ಸಹಿತ.' ಹಿಂದೆ ಕುಂಕುಮದಂಥ ನೀರು, ತೂಗುವ ಗರಿ, ಹಲ್ಲು ಮುರಿದ ಕವಡೆ. ಈಶಪ್ಪ ಬಿಲ್ಲಿನ ಯಂತ್ರ ಹಿಡಿದುಕೊಂಡೇ ಟೂರಿನವನ ಅಂಗಡಿಗೆ ನುಗ್ಗಿದ.

"ಈ ಫೋಟೊ ನಂದು! ಇದು ಕೊಡೇಕಲ್!"

ಟೂರಿನ ಮಹೇಶಕುಮಾರ ಸಮಾಧಾನದಿಂದ ಕುರ್ಚಿ ಸರಿಸಿದ. "ನಿಮ್ದ ಇರ್ಲಿ ಅಣ್ಣಾರ, ಯಾರೋ ಫೋನಿಗಿ ಕಳ್ಸಿದ್ರು, ಹಾಕೀನಿ. ಆದ್ರ ಕೊಡೇಕಲ್ ಅಂತ ಜೋರಾಗಿ ಅನಬ್ಯಾಡ್ರಿ. ಮಂದಿ ಕೊಡೇಕಲ್ಲಿಗಿ ರೊಕ್ಕ ಕೊಟ್ಟು ಬರ್ತಾರೇನು?"

ಓಣಿಯಿಂದ ಮೊದಲು ಹೆಸರು ಬರೆಸಿದವನು ಶಾಂತಪ್ಪ. ಹೆಂಡತಿಯನ್ನು ಕರೆದುಕೊಂಡು, ಹೊಸ ಟೋಪಿ ಹಾಕಿಕೊಂಡು ಹೋದ. ತಿರುಗಿ ಬಂದ ದಿನ ಟೋಪಿ ಕೈಯಲ್ಲಿ ಹಿಡಿದು, ಬ್ಯಾಗನ್ನೂ ಮನೆಯಲ್ಲಿಡದೆ ನೇರ ಈಶಪ್ಪನ ಪಡಸಾಲೆಗೆ ಬಂದ. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

"ಮೋಸ ಈಶಪ್ಪ, ಪೂರಾ ಮೋಸ! ಸಿಕ್ಕ ಬೀಚೆಲ್ಲಾ ತಿರಿಗೀನಿ. ಮಂದಿ ಅಂದ್ರ ಮಂದಿ. ನೀರು ಕಾಣಬೇಕಂದ್ರ ಇನ್ನೊಬ್ಬರ ತಲಿ ಸರಿಸಿ ನೋಡಬೇಕು. ಆ ಬೋರ್ಡಿನ್ಯಾಗಿನ ಜಾಗಾ ಎಲ್ಲೂ ಇಲ್ಲ. ಆಟೋದವ್ರಿಗಿ ಫೋಟೊ ತೋರ್ಸಿದೆ, ಇದು ನಮ್ಮ ಕಡಿದು ಅಲ್ಲ ಅಂದ್ರು. ಇರ್ಲಿ, ಆದದ್ದು ಆತು. ಈಗರ ಖರೇ ಹೇಳು. ನೀ ಹೋಗಿದ್ದು ಗೋವಾದಾಗ ಯಾವ ಕಡಿ?"

"ಕೊಡೇಕಲ್," ಎಂದ ಈಶಪ್ಪ.

ಶಾಂತಪ್ಪನ ಮೂಗಿನ ಹೊಳ್ಳೆ ಅರಳಿದವು. ಅವನ ಕಣ್ಣು ಗೋಡೆಗೆ ಹೋಯಿತು. ಜಗುಲಿಯ ಮೇಲ್ಗಡೆ ಆ ಫೋಟೊ ಕಟ್ಟು ಹಾಕಿಸಿ ತೂಗುಹಾಕಲಾಗಿತ್ತು. ಕೆಳಗೆ ಪರಿಮಳಾ ದುಂಡನೆಯ ಅಕ್ಷರದಲ್ಲಿ ಬರೆಸಿದ್ದಳು: 'ಕೊಡೇಕಲ್ ದಂಡಿ. ಛಾಯಾಚಿತ್ರ: ಈಶಪ್ಪ.'

"ಗ್ವಾಡಿ ಮ್ಯಾಲೂ ಸುಳ್ಳ ಬರಸಿ ಹಾಕೀಯಲ್ಲೋ!" ಶಾಂತಪ್ಪ ಗೋಡೆಯತ್ತ ಬೆರಳು ಚಾಚಿದ. "ನಾವೂ ಹೋಗಿ ಒಂದಿನ ಸುಖಪಟ್ರ ನಿನ್ನ ಗಂಟೇನ್ ಹೋಗ್ತಿತ್ತು? ಪಕ್ಕದ ಮನ್ಯಾವ ಅಂತ ಒಂದ ಗುಟ್ಟು ಹೇಳಲಿಲ್ಲ ನೀ!" ಟೋಪಿಯನ್ನು ಅಲ್ಲೇ ಕಂಬದ ಬುಡಕ್ಕೆ ಒಗೆದು ಹೊರಟುಹೋದ.

"ಅಳಿಯಾರ," ಒಳಗಿನಿಂದ ಅಯ್ಯಮ್ಮ ಕೂಗಿದಳು, "ನೀರು ಏರೈತಂತ. ಕವಡಿ ಬೇಕಿದ್ರ ಕೇಳಿ ಒಯ್ರಿ."

ಬಹುಮಾನ ಹೋಯಿತು. ಜೀಪಿನ ಬಾಡಿಗೆ ಹೋಯಿತು. ದಂಡೆಯಲ್ಲೇ ಬಿಟ್ಟು ಬಂದಿದ್ದ ತೆಂಗಿನ ಗರಿಯನ್ನು ಮರಿಲಿಂಗನ ಆಡು ತಿಂದವು. ಶಾಂತಪ್ಪ ಇಂದಿಗೂ ಮಾತು ಬಿಟ್ಟಿದ್ದಾನೆ. ಕವಡೆ ಸಿಕ್ಕಿತು.